ಬಾಗಿಲ ಹಿಂದಿನ ನಾಲ್ಕನೆಯ ಮಗು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಎಂಟನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು ನಾನು. ದೊಡ್ಡ ಮಾತುಗಳು ಗೊತ್ತಿಲ್ಲ. ಗೊತ್ತಿರುವ ಒಂದೆರಡನ್ನು ಎಲ್ಲಿ ಹಾಕಬೇಕೆಂದೂ ಸರಿಯಾಗಿ ತಿಳಿಯದು. ಒಂದೊಂದು ವಾಕ್ಯವನ್ನೂ ಬಾಯೊಳಗೆ ಹೇಳಿಕೊಂಡು, ಸರಿ ಅನ್ನಿಸಿದ ಮೇಲೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು. ನನ್ನ ಹೆಸರು ತಿನೆನೆಂಜಿ. ನಮ್ಮ ಮಾತಿನಲ್ಲಿ ಅದಕ್ಕೆ ‘ಏನಂತ ಹೇಳೋಣ’ ಎಂದು ಅರ್ಥ. (ಇವಳು ಮುಂದೆ ಏನೂ ಹೇಳುವವಳಲ್ಲ ಎಂದು ಹೆಸರಿಟ್ಟವರಿಗೆ ಆಗಲೇ ಕಂಡಿರಬೇಕು.)

ನನ್ನ ದೂರು ಇಷ್ಟೆ. ನಮ್ಮ ಮನೆಯಲ್ಲಿ ಇರುವುದು ಮೂರು ಮಕ್ಕಳು. ಸರ್ಕಾರ ನಾಲ್ಕು ಎಂದಿತು.

ಮನೆ ಇರುವುದು ಮಲಾವಿ ಸರೋವರದಿಂದ ಸ್ವಲ್ಪ ಮೇಲಕ್ಕೆ. ಮನೆ ಅಜ್ಜಿಯದು. ನಮ್ಮಲ್ಲಿ ಮನೆ ಹೆಂಗಸರದ್ದೇ. ಗಂಡ ಎಂಬವನು ಬೇರೆ ಊರಿನಿಂದ ಬಂದು ಸೇರಿಕೊಳ್ಳುವವನು. ಹಾಗೆ ಬಂದು ಸೇರಿಕೊಂಡ ಮನೆ ಅಳಿಯ ನಮ್ಮ ಜೈಲೋಸಿ ಚಿಕ್ಕಪ್ಪ. ಸೇರಿಸಿಕೊಂಡವರು ಎಸ್ನಾಟ್ ಚಿಕ್ಕಮ್ಮ, ನನ್ನ ತಾಯಿಯ ತಂಗಿ. ಅವರ ಮೂರು ಮಕ್ಕಳಲ್ಲಿ ಕಿರಿಯವಳು ಲೋಂಜೆ. ಅಜ್ಜಿಯ ಕಣ್ಣಿಗೆ ಬಿಳಿ ಪೊರೆ ಬಂದು ಕೈ ಹಿಡಿದು ನಡೆಸುವವರು ಬೇಕಾದದ್ದರಿಂದ ಹೋದ ವರ್ಷ ನನ್ನನ್ನು ಇಲ್ಲಿಗೆ ಕಳಿಸಿದರು. ನನಗೆ ಹದಿನಾರು ತುಂಬಿದೆ. ಇದನ್ನು ದಯವಿಟ್ಟು ನೆನಪಿನಲ್ಲಿಡಿ. (ವಯಸ್ಸು ತುಂಬಿದೆ, ಎತ್ತರ ತುಂಬಿಲ್ಲ.)

ಪೋಲಿಯೋ ಹನಿಯವರು ಬರುತ್ತಾರೆ, ಈ ಸಲ ಹದಿನೈದರ ಒಳಗಿನವರೆಲ್ಲ ಕುಡಿಯಬೇಕು ಎಂದು ಧ್ವನಿವರ್ಧಕದ ಗಾಡಿ ಕೂಗಿ ಹೋಗಿತ್ತು. ನಮ್ಮ ಊರಿನ ಆರೋಗ್ಯ ಸಹಾಯಕರು ಕಚಿಂಗ್ವೆಯವರು. ಅವರು ಗುಡ್ಡದ ಆಚೆಗೆ ಹೋಗಿದ್ದರಿಂದ ನಮ್ಮ ಮನೆಗಳ ಸಾಲಿಗೆ ಜಿಲ್ಲೆಯಿಂದ ಹೊಸಬರಿಬ್ಬರು ಬಂದರು. ನೀಲಿ ಪೆಟ್ಟಿಗೆ ಹೊತ್ತ ಒಬ್ಬ ಹೆಂಗಸು, ಸೀಮೆಸುಣ್ಣ ಹಿಡಿದ ಒಬ್ಬ ಯುವಕ. ಚಿಕ್ಕಮ್ಮ ಮೆಕ್ಕೆಜೋಳದ ಹೊಲದಲ್ಲಿದ್ದರು, ಚಿಕ್ಕಪ್ಪ ದಡದಲ್ಲಿ ಬಲೆ ಹೊಲಿಯುತ್ತಿದ್ದರು. ಅಜ್ಜಿ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹನಿ ಹಾಕಿಸಿದಳು. ನಾನು ಒಳಗಿದ್ದೆ. ಹೊಸಬರು ಬಂದಾಗ ನಾನು ಒಳಗಿರುತ್ತೇನೆ, ಅದರಲ್ಲಿ ವಿಶೇಷವಿಲ್ಲ. ಅವರು ಬಾಗಿಲ ಮೇಲೆ ಗುರುತು ಬರೆದು ಹೋದರು. ಮೇಲೆ ಮೂರು, ನಡುವೆ ಒಂದು ಗೆರೆ, ಕೆಳಗೆ ನಾಲ್ಕು.

ಸಂಜೆ ಚಿಕ್ಕಮ್ಮ ಹೊಲದಿಂದ ಬಂದು ಗುದ್ದಲಿ ಕೆಳಗಿಡದೆ ಬಾಗಿಲ ಮುಂದೆ ನಿಂತುಬಿಟ್ಟರು. ಅವರು ಗ್ರಾಮ ಆರೋಗ್ಯ ಸಮಿತಿಯ ಮಾನ್ಯ ಸದಸ್ಯೆ. ಬಾಗಿಲ ಗುರುತು ಓದುವ ವಿದ್ಯೆ ನಮ್ಮ ಸಾಲಿನಲ್ಲಿ ಅವರೊಬ್ಬರಿಗೇ ಗೊತ್ತು.

“ಲೋಂಜೆ ಅಪ್ಪಾ, ಬನ್ನಿ ಇಲ್ಲಿ. ಇದೇನು ಓದಿ.”

“ಮೂರು. ನಾಲ್ಕು.”

“ಅಂದ್ರೆ?”

“ನಾಲ್ಕರಲ್ಲಿ ಮೂರು ಹೋದ್ರೆ ಒಂದು. ನಾನೂ ಶಾಲೆಗೆ ಹೋಗಿದ್ದೆ ಕಣೇ.”

“ಮೇಲಿರೋದು ಹನಿ ಕುಡಿದವರು. ಕೆಳಗಿರೋದು ಮನೇಲಿರೋ ಮಕ್ಕಳು. ಹೆತ್ತ ನನಗೇ ಗೊತ್ತಿಲ್ಲದ ನಾಲ್ಕನೇದು ಯಾವುದು? ದಿನಾ ಬಲೆ ಬಲೆ ಅಂತ ದಡಕ್ಕೆ ಹೋಗ್ತೀರಲ್ಲ, ಅಲ್ಲೇನಾದ್ರೂ ಇನ್ನೊಂದು ಇಟ್ಟಿದ್ದೀರಾ?”

“ಇದ್ದಿದ್ರೆ ಅದು ಅಲ್ಲೇ ಇರ್ತಿತ್ತು. ಇಲ್ಲಿಗ್ಯಾಕೆ ಬರುತ್ತೆ, ನಿನ್ನ ಉಪ್ಪಿಲ್ಲದ ಸಾರು ಕುಡಿಯೋಕಾ?”

(ಚಿಕ್ಕಪ್ಪನಿಗೆ ಬಿಪಿ ಇದೆ. ಕಚಿಂಗ್ವೆಯವರು ಉಪ್ಪು ಕಡಿಮೆ ಮಾಡಿ ಎಂದಿದ್ದರು. ಚಿಕ್ಕಮ್ಮ ಉಪ್ಪನ್ನೇ ದೇಶಭ್ರಷ್ಟ ಮಾಡಿದರು. ಪೊಟ್ಟಣ ಅವರ ಸೊಂಟದ ಬಟ್ಟೆಯ ಗಂಟಿನಲ್ಲಿರುತ್ತದೆ; ಉಳಿದವರ ಪಾಲಿಗೆ ಅಳೆದು ಹಾಕುತ್ತಾರೆ.)

ಚಿಕ್ಕಮ್ಮ ನನ್ನ ಕಡೆ ತಿರುಗಿದರು. “ಅವರು ಬಂದಾಗ ಮನೇಲಿ ಬೇರೆ ಯಾರಾದ್ರೂ ಇದ್ರಾ?”

“ಯಾರೂ ಇರಲಿಲ್ಲ” ಎಂದೆ. ಅದು ನಿಜವೆಂದೇ ನಾನು ನಂಬಿದ್ದೆ.

ಅಜ್ಜಿ ಚಾಪೆಯ ಮೇಲಿಂದ ಕೇಳಿದಳು. “ಹನಿ ಕುಡಿಯದೆ ಉಳಿದಿರೋ ಮಗು ಒಂದಿದೆ ಅಂತ ತಾನೇ ಬರೆದಿರೋದು?”

“ಹೌದಮ್ಮ. ತಪ್ಪಾಗಿ ಬರೆದಿದ್ದಾರೆ.”

“ತಪ್ಪೇನಿಲ್ಲ. ಫಾಲೆಸಿ ಕುಡಿದಿಲ್ಲ.”

ಒಲೆಯ ಮೇಲೆ ನ್ಸಿಮಾ, ಅಂದರೆ ನಮ್ಮ ಮೆಕ್ಕೆಜೋಳದ ಮುದ್ದೆ, ಗುಳುಕ್ ಗುಳುಕ್ ಎಂದು ಕುದಿಯುತ್ತಿತ್ತು.

ಫಾಲೆಸಿ ಅಜ್ಜಿಯ ಮೊದಲ ಮಗಳು. ಆಗ ಇಲ್ಲಿ ಆರೋಗ್ಯ ಕೇಂದ್ರ ಇರಲಿಲ್ಲ. ಹತ್ತಿರದ್ದೆಂದರೆ ಎರಡು ಗುಡ್ಡ ದಾಟಬೇಕಿತ್ತು. ಮಗುವಿಗೆ ಜ್ವರ ಬಂದು ಮೊದಲು ಕಾಲು ಸೋತಿತು, ಆಮೇಲೆ ಉಸಿರು. ಎರಡನೆಯ ಗುಡ್ಡದ ನೆತ್ತಿಯಿಂದಲೇ ಅಜ್ಜಿ ಹಿಂದಿರುಗಿದ್ದಳಂತೆ. ಈ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುವುದಿಲ್ಲ. ಆ ದಿನ ಅಜ್ಜಿ, ಮಗು ನೀರು ತರಲು ಹೋಗಿದೆ ಎಂಬಷ್ಟು ಸಲೀಸಾಗಿ ಎತ್ತಿದಳು.

“ಆಗ ಹನಿ ಇರಲಿಲ್ಲ. ಈಗ ಮನೆ ಬಾಗಿಲಿಗೇ ಬಂದಿದೆ ಅಂತ ತಿಳಿದು ಬಂದಿದ್ದಾಳೆ. ಎಸ್ನಾಟ್, ಕಣ್ಣಿನ ಗಾಡಿಗೆ ನಾನು ಬರಲ್ಲ ಅಂತ ಹೇಳಿಬಿಡು. ಇಷ್ಟು ವರ್ಷಕ್ಕೆ ಮಗಳು ಮನೆಗೆ ಬಂದಾಗ ತಾಯಿ ಇಲ್ಲ ಅಂದ್ರೆ ಹೇಗೆ?”

ಚಿಕ್ಕಮ್ಮನ ಕೈಯಿಂದ ಗುದ್ದಲಿ ಜಾರಿದ್ದು ಆಗ. ಕಣ್ಣಿನ ವೈದ್ಯರು ಜಿಲ್ಲಾ ಆಸ್ಪತ್ರೆಗೆ ಬರುವುದೇ ಅಪರೂಪ. ಮುಂದಿನ ವಾರ ಗಾಡಿ ಬಂದು ನಮ್ಮ ಕಡೆಯ ರೋಗಿಗಳನ್ನು ಕರೆದೊಯ್ಯುವುದಿತ್ತು. ಈ ಸಲ ತಪ್ಪಿದರೆ ಅಜ್ಜಿಗೆ ಉಳಿದಿರುವ ಚೂರು ಬೆಳಕೂ ಹೋಗುತ್ತದೆ ಎಂದು ಕಚಿಂಗ್ವೆಯವರು ಹೇಳಿದ್ದರು. ರೋಗಿಯ ಜೊತೆ ಮನೆಯವರೊಬ್ಬರು ಹೋಗಿ ಅಲ್ಲೇ ಅಡುಗೆ ಮಾಡಿ ನೋಡಿಕೊಳ್ಳಬೇಕು. ಆ ಒಬ್ಬರು ನಾನು. ಹೋದರೆ ನರ್ಸ್ ನನ್ನ ಹೆಸರು ಕೇಳುತ್ತಾರೆ, ನಾನು ಹೇಳಬೇಕು. ರಾತ್ರಿ ಹೊದಿಕೆಯೊಳಗೆ ಹೇಳಿ ನೋಡಿಕೊಳ್ಳುತ್ತಿದ್ದೆ, ಅಲ್ಲೂ ಬಾಯಿಗೆ ಬರುತ್ತಿರಲಿಲ್ಲ. ಆದರೂ ಅಜ್ಜಿ ಬರಲ್ಲ ಎಂದಾಗ ನನಗೆ ಸಮಾಧಾನವಾಗಲಿಲ್ಲ. ಬಾಗಿಲ ಹಿಂದಿರುವ ಮಗುವಿಗಿಂತ ಆಸ್ಪತ್ರೆಯ ನರ್ಸೇ ವಾಸಿ ಅನ್ನಿಸಿತು.

ಚಿಕ್ಕಮ್ಮ ಒದ್ದೆ ಬಟ್ಟೆ ತಂದು ಗುರುತನ್ನು ತಿಕ್ಕಿ ಒರೆಸಿದರು. ಹೋಯಿತು. ನಾವೆಲ್ಲ ಉಸಿರು ಬಿಟ್ಟೆವು. ಊಟ ಮುಗಿಸಿ ಬಂದು ನೋಡಿದರೆ, ನೀರು ಆರಿದ ನೀಲಿ ಬಾಗಿಲ ಮೇಲೆ ಅದು ಮೆಲ್ಲಗೆ ಹಿಂದಿರುಗುತ್ತಿತ್ತು. ಮೂರು ಮಸುಕಾಗಿತ್ತು. ಕೆಳಗಿನ ನಾಲ್ಕು ಮೊದಲಿಗಿಂತ ಬೆಳ್ಳಗೆ ಕಾಣುತ್ತಿತ್ತು.

ಮರುದಿನದಿಂದ ಸಾಕ್ಷಿಗಳು ಸಿಗತೊಡಗಿದವು. ಬೇಲಿಯಾಚೆಯ ನಾಫಿರಿ ಅತ್ತೆ ದನಿ ತಗ್ಗಿಸಿ ಹೇಳಿದರು.

“ನಾನು ಹೇಳಬಾರದು ಅಂತಿದ್ದೆ ಎಸ್ನಾಟ್. ಎಷ್ಟೋ ಸಲ ನೋಡಿದ್ದೀನಿ. ಮುಸ್ಸಂಜೆ ಹೊತ್ತಲ್ಲಿ, ನಿಮ್ಮ ಕಣಜದ ಹಿಂದೆ. ಪುಟ್ಟದು. ತಲೆ ಮೇಲೆ ಬಟ್ಟೆ ಹೊದ್ದಿರುತ್ತೆ. ನಿಮ್ಮನೆಗೆ ಯಾರಾದ್ರೂ ಬಂದ್ರೆ ಸಾಕು, ಅಲ್ಲಿ ಬಂದು ನಿಲ್ಲುತ್ತೆ. ‘ಯಾರಮ್ಮಾ’ ಅಂದ್ರೆ ಮಾಯ.”

“ಮಾತಾಡುತ್ತಾ?”

“ಉಸಿರೇ ಇಲ್ಲ. ಇದ್ದೋರು ಹಾಗೆ ಸುಮ್ಮನಿರ್ತಾರಾ?”

ನಾನು ಇದನ್ನು ಕಣಜದ ಹಿಂದಿನಿಂದ ಕೇಳಿಸಿಕೊಂಡೆ. ಆ ಮಗು ನಿಲ್ಲುವ ಜಾಗದಲ್ಲೇ ನಿಂತಿದ್ದೇನೆಂದು ತಿಳಿದು ಪಕ್ಕಕ್ಕೆ ಸರಿದೆ. ಕೆಳಗೆ ನೋಡಿದರೆ ಮೆತ್ತನೆಯ ಮಣ್ಣಿನಲ್ಲಿ ಪುಟ್ಟ ಹೆಜ್ಜೆಗಳು, ಹೊಸವೂ ಹಳೆಯವೂ, ಒಂದರ ಮೇಲೊಂದು. ಅವಸರದಲ್ಲಿ ತಪ್ಪು ತಿಳಿಯಬಾರದು ಎಂದು ಜಾಗರೂಕತೆಯಿಂದ ಒಂದು ಹೆಜ್ಜೆಯಲ್ಲಿ ನನ್ನ ಪಾದ ಇಟ್ಟು ನೋಡಿದೆ. ಸರಿಯಾಗಿ ಕೂತಿತು. ಸತ್ತ ಮೇಲೂ ಫಾಲೆಸಿ ದೊಡ್ಡಮ್ಮ ನನ್ನಷ್ಟೇ ಬೆಳೆದಿದ್ದಾಳೆ ಎಂದು ಗೊತ್ತಾಗಿ ನನಗೆ ಇನ್ನಷ್ಟು ಭಯವಾಯಿತು.

ಅಜ್ಜಿಗೆ ಭಯವಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಒಂದು ತಟ್ಟೆಯಲ್ಲಿ ನ್ಸಿಮಾ, ಕಡಲೆಕಾಯಿ ಪುಡಿ ಹಾಕಿದ ಕುಂಬಳದ ಸೊಪ್ಪು, ಒಣಮೀನು ಬಡಿಸಲು ಹೇಳಿ, ಬಾಗಿಲ ಹಿಂದೆ ಇಡಿಸುತ್ತಿದ್ದಳು. “ಉಪ್ಪು ಹಾಕು. ಮಗು ಅದು” ಎನ್ನುತ್ತಿದ್ದಳು. ಬೆಳಿಗ್ಗೆ ನಾನು ಎತ್ತಲು ಹೋದರೆ ತಟ್ಟೆ ಖಾಲಿ. ಮೀನಿನ ಮುಳ್ಳೂ ಇಲ್ಲ.

ಇಷ್ಟರ ನಡುವೆ ನಾಲ್ಕನೆಯ ಮಗುವಿನ ಮಾತನ್ನು ಮೊದಲ ದಿನ ಗೇಲಿ ಮಾಡಿದ್ದ ಚಿಕ್ಕಪ್ಪ ಪೂರ್ತಿ ಬದಲಾದರು. ನಮ್ಮಲ್ಲಿ ಅಳಿಯ ಅತ್ತೆಯ ಮುಖ ನೋಡಿ ಮಾತಾಡುವಂತಿಲ್ಲ, ಅತ್ತೆಯ ಎದುರು ಉಣ್ಣುವಂತಿಲ್ಲ. ಆದ್ದರಿಂದ ಅಜ್ಜಿ ಎರಡು ಮಾರು ದೂರದಲ್ಲಿ ಕೂತಿದ್ದರೂ ಮಾತೆಲ್ಲ ಚಿಕ್ಕಮ್ಮನ ಮೂಲಕವೇ.

“ಎಸ್ನಾಟ್, ಅಮ್ಮನಿಗೆ ಹೇಳು. ದಿನಾ ಒಣಮೀನು ಹಾಕಿದ್ರೆ ಆ ಮಗುಗೆ ಬೇಜಾರಾಗುತ್ತೆ. ಒಂದು ದಿನ ಚಂಬೋ ಮೀನು ಹುರಿದು ಇಡಲಿ.”

“ಎಸ್ನಾಟ್, ಅಳಿಯನಿಗೆ ಕೇಳು. ಹುರಿದಿದ್ದು ಮಗು ಹೊಟ್ಟೆಗೆ ಭಾರ ಆಗಲ್ವಾ?”

“ಸತ್ತೋರ ಹೊಟ್ಟೆಗೆ ಯಾವುದೂ ಭಾರ ಅಲ್ಲ ಅಂತ ಹೇಳು.”

“ನಾನೇನು ಟೆಲಿಫೋನಾ?” ಎಂದರು ಚಿಕ್ಕಮ್ಮ. ಆದರೂ ಚಂಬೋ ಹುರಿದರು. ಅಜ್ಜಿಯನ್ನು ಗಾಡಿ ಹತ್ತಿಸುವ ಆಸೆ ಅವರಿಗೆ. ಮಗಳು ಹೊಟ್ಟೆ ತುಂಬ ತಿಂದು ತೃಪ್ತಿಯಾಗಿ ಹೊರಟುಹೋದರೆ ತಾಯಿಯೂ ಹೊರಟಾಳು ಎಂಬ ಲೆಕ್ಕ. ಮಗಳು ತೃಪ್ತಿಯಾಗಿ ತಿನ್ನುತ್ತಿದ್ದಳು. ಹೊರಡುವ ಲಕ್ಷಣ ಕಾಣಲಿಲ್ಲ.

ನಡುವೆ ಒಂದು ದಿನ ಚಿಕ್ಕಪ್ಪ ತಮ್ಮ ಅಣ್ಣನ ಊರಿಗೆ ಸಾವಿನ ಮನೆಗೆ ಹೋದರು. ಮಕ್ಕಳು ಮೂವರನ್ನೂ ಕರೆದುಕೊಂಡು ಹೋಗಿ, ಮರುದಿನ ಮಧ್ಯಾಹ್ನ ಬಂದರು. ಆ ಬೆಳಿಗ್ಗೆಯೂ ತಟ್ಟೆ ಎತ್ತಲು ಹೋದವಳು ನಾನೇ. ತಟ್ಟೆ ಕವುಚಿ ಇಟ್ಟಿತ್ತು, ತೊಳೆದು ಇಟ್ಟ ಹಾಗೆ. ಅಜ್ಜಿಗೆ ಮಾತ್ರ ಹೇಳಿದೆ. ಇದನ್ನೂ ನೆನಪಿನಲ್ಲಿಡಿ.

ಆಮೇಲೆ ಚಿಕ್ಕಪ್ಪನ ಬಿಪಿ ನೋಡಿಸುವ ದಿನ ಬಂತು. ಚಿಕ್ಕಮ್ಮನೇ ಅವರನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು. ಅಜ್ಜಿಯ ಕಣ್ಣಿನ ಹನಿ ತರಲು ನಾನೂ ಜೊತೆಗೆ ಹೋಗಿ, ಕೇಂದ್ರದ ಗೋಡೆಯ ಆಚೆ ನಿಂತೆ. ಕಚಿಂಗ್ವೆಯವರು ಪಟ್ಟಿಯನ್ನು ತೋಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

“ಅಮ್ಮಾ, ಇದು ಇಳಿದಿಲ್ಲ, ಏರಿದೆ. ಉಪ್ಪು ಹಾಕ್ತಿದ್ದೀರಾ?”

“ಪೊಟ್ಟಣ ನನ್ನ ಸೊಂಟದಲ್ಲಿದೆ. ಅವರ ತಟ್ಟೆಗೆ ಒಂದು ಹರಳೂ ಬಿದ್ದಿಲ್ಲ.”

“ಹಾಗಾದ್ರೆ ನಾನೇ ಮನೆಗೆ ಬಂದು ನೋಡ್ತೀನಿ. ಹೇಗೂ ನಿಮ್ಮ ಬಾಗಿಲದ್ದು ಬಾಕಿ ಇದೆ. ಆ ಒಂದು ಮಗು ಸಿಗದೆ ನನ್ನ ಊರು ಪೂರ್ತಿ ಆಗಲ್ಲ. ಊರು ಆಗದೆ ಜಿಲ್ಲೆ ಆಗಲ್ಲ. ಜಿಲ್ಲೆಯವರು ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ, ಅವರಿಗೆ ರಾಜಧಾನಿಯವರು ಮಾಡ್ತಿದ್ದಾರಂತೆ.”

“ಅಂದ್ರೆ ಇಡೀ ದೇಶ ನಮ್ಮನೆ ದೆವ್ವಕ್ಕೆ ಕಾಯ್ತಾ ಕೂತಿದೆ” ಎಂದರು ಚಿಕ್ಕಪ್ಪ, ಸ್ವಲ್ಪ ಹೆಮ್ಮೆಯಿಂದ.

ಅವರು ಮೂವರೂ ಬಂದದ್ದು ನಿನ್ನೆ ಸಂಜೆ: ಕಚಿಂಗ್ವೆಯವರು, ನೀಲಿ ಪೆಟ್ಟಿಗೆಯ ಹೆಂಗಸು, ಸೀಮೆಸುಣ್ಣದ ಯುವಕ. ಸರೋವರದ ಕಡೆಯಿಂದ ಮೋಡ ಏರಿ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತ್ತು. ಕೋಳಿಗಳು ಆಗಲೇ ಗೂಡು ಸೇರಿದ್ದವು. ಅಜ್ಜಿ ಸ್ನಾನ ಮಾಡಿ, ಚರ್ಚಿಗೆ ಉಡುವ ಬಟ್ಟೆ ಉಟ್ಟು ಕಾಯುತ್ತಿದ್ದಳು. ನಾಫಿರಿ ಅತ್ತೆ ಬೇಲಿಯ ಮೇಲೆ ಗಲ್ಲ ಊರಿದ್ದರು. ಮೂವರು ದಾರಿಯಲ್ಲಿ ಕಂಡ ಕೂಡಲೆ ನಾನು ನನ್ನ ಜಾಗಕ್ಕೆ ಹೋದೆ. ಕಣಜದ ಹಿಂದಕ್ಕೆ ಹೋಗಲು ಹೆದರಿಕೆಯಾಗಿ ಬಾಗಿಲ ಹಿಂದೆ ನಿಂತೆ.

“ನಿಮ್ಮ ಮನೇಲಿ ಮೂರು ಅಂತ ನನಗೂ ಗೊತ್ತು” ಎನ್ನುತ್ತಿದ್ದರು ಕಚಿಂಗ್ವೆಯವರು. “ಈ ಹುಡುಗ ಮಾತ್ರ ನಾಲ್ಕು ನೋಡಿದೆ ಅಂತ ಹಟ ಹಿಡಿದಿದ್ದಾನೆ.”

ಅಜ್ಜಿ ನೀಲಿ ಪೆಟ್ಟಿಗೆಯ ಕಡೆ ಮುಖ ತಿರುಗಿಸಿದಳು. “ಅವಳು ನಿಮಗೆ ಕಾಣಿಸ್ಕೊಳ್ಳದೆ ಇದ್ರೆ ಹನೀನ ಬಾಗಿಲ ಹಿಂದೆ ಬಿಟ್ಟು ಹೋಗ್ತೀಯೇನಮ್ಮಾ?”

“ಬಾಯಿಗೇ ಹಾಕ್ಬೇಕು ಅಜ್ಜೀ. ನೆಲಕ್ಕೆ ಹಾಕಿದ್ರೆ ಲೆಕ್ಕಕ್ಕೆ ಬರಲ್ಲ.”

“ಅವಳಿಗೆ ಈಗ ಬಾಯಿ ಇದೆಯೋ ಇಲ್ವೋ” ಎಂದಳು ಅಜ್ಜಿ.

ಆ ಹೆಂಗಸು ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಆಗ ಯುವಕ ಕೈ ಚಾಚಿದ. “ಅಗೋ, ಅಲ್ಲೇ ಇದ್ದಾಳಲ್ಲ. ಬಾಗಿಲ ಹಿಂದೆ. ಆವತ್ತೂ ಅಲ್ಲೇ ನಿಂತು ಇಣುಕಿದ್ಲು.”

ಚಿಕ್ಕಪ್ಪ ಜಗಲಿಯಿಂದ ನೇರ ಅಂಗಳಕ್ಕೆ ಹಾರಿದರು. ಮಕ್ಕಳು ಚಿಕ್ಕಮ್ಮನ ಬಟ್ಟೆಯೊಳಗೆ ಸೇರಿದರು. ದೆವ್ವ ನನ್ನ ಬೆನ್ನಿಗೇ ತಾಗಿ ನಿಂತಿದೆ ಎಂದುಕೊಂಡೆ. ಆವತ್ತೂ ಹೀಗೇ ನನ್ನ ಪಕ್ಕದಲ್ಲಿ ನಿಂತಿತ್ತು, ನನಗೆ ತಿಳಿಯಲಿಲ್ಲ. ಕತ್ತನ್ನು ಮೆಲ್ಲಗೆ ತಿರುಗಿಸಿ ಹಿಂದೆ ನೋಡಿದೆ. ಗೋಡೆ ಇತ್ತು. ಗೋಡೆಗೆ ಒರಗಿಸಿದ ಒನಕೆ ಇತ್ತು. ಮತ್ತೆ ಈಚೆ ತಿರುಗಿದಾಗ ಆ ಸೀಮೆಸುಣ್ಣ ನನ್ನ ಮೂಗಿಗೆ ಸರಿಯಾಗಿ ಗುರಿಯಿಟ್ಟಿತ್ತು.

“ಇವಳಾ?” ಎಂದರು ಚಿಕ್ಕಮ್ಮ. “ಇದು ಮಗು ಅಲ್ಲಪ್ಪ. ಇದು ನಮ್ಮ ತಿನೆನೆಂಜಿ. ಹದಿನಾರು ಆಗಿದೆ.”

“ನಾನು ತಿಂಗಳು ತಿಂಗಳು ಈ ಮನೆಗೆ ಬರ್ತೀನಿ” ಎಂದರು ಕಚಿಂಗ್ವೆಯವರು. “ಇವಳನ್ನ ಕಂಡೇ ಇಲ್ಲ.”

“ಹೇಗೆ ಕಾಣ್ತಾಳೆ? ನೀವು ಬಂದ್ರೆ ಅವಳು ತಲೆ ಮೇಲೆ ಬಟ್ಟೆ ಎಳ್ಕೊಂಡು ಕಣಜದ ಹಿಂದೆ ಓಡ್ತಾಳೆ.”

ಬೇಲಿಯ ಮೇಲಿನ ಗಲ್ಲ ನಿಧಾನವಾಗಿ ಮೇಲೆದ್ದಿತು. “ಕಣಜದ ಹಿಂದೆನಾ?” ಎಂದರು ನಾಫಿರಿ ಅತ್ತೆ. ಆಮೇಲೆ ಅವರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು.

ಕಚಿಂಗ್ವೆಯವರು ನನ್ನೆದುರು ಕುಕ್ಕರುಗಾಲಲ್ಲಿ ಕೂತರು. “ಮಗಳೇ, ನೀನೇ ಹೇಳು. ಹದಿನಾರು ಅಂತ ಒಂದು ಮಾತು ಹೇಳಿದ್ರೆ ಸಾಕು. ಕೆಳಗಿನ ನಾಲ್ಕು ಅಳಿಸಿ ಮೂರು ಬರೆದು ಹೋಗ್ತೀವಿ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಊರು, ಜಿಲ್ಲೆ, ರಾಜಧಾನಿ, ಎಲ್ಲವೂ. ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಇನ್ನೂ ಅಗಲವಾಗಿ ತೆರೆದೆ. ತೆರೆದ ಬಾಯಿ ಕಂಡದ್ದೇ ತಡ, ನೀಲಿ ಪೆಟ್ಟಿಗೆಯ ಹೆಂಗಸು ಎರಡು ಹನಿ ಒಳಗೆ ಬಿಟ್ಟರು.

“ಒಂದೆರಡು ವರ್ಷ ಹೆಚ್ಚಾದ್ರೆ ಏನೂ ಆಗಲ್ಲ ಬಿಡಿ” ಎಂದರು ಕಚಿಂಗ್ವೆಯವರು, ದೊಡ್ಡ ಹೊರೆ ಇಳಿದವರಂತೆ. ಯುವಕ ನನ್ನ ಕಿರುಬೆರಳಿಗೆ ಶಾಯಿ ಹಚ್ಚಿ, ಬಾಗಿಲ ಮೇಲೆ ನಾಲ್ಕಕ್ಕೆ ನಾಲ್ಕು ಬರೆದ. ಲೋಂಜೆ ಶಾಯಿ ಹಚ್ಚಿದ್ದ ತನ್ನ ಬೆರಳನ್ನು ನನ್ನ ಬೆರಳಿನ ಪಕ್ಕ ಇಟ್ಟು ನೋಡಿ, ನನ್ನನ್ನು ತನ್ನ ಜಾತಿಗೆ ಸೇರಿಸಿಕೊಂಡಳು.

“ದೆವ್ವ ಅಕ್ಕನೇ ಆದ್ರೆ, ತಟ್ಟೆ ಊಟಾನೂ ಅಕ್ಕನೇ ತಿಂದಿದ್ದಾ?” ಎಂದು ಅವಳ ಅಣ್ಣ ಕೇಳಿದ. ನಾನು ಇಲ್ಲವೆಂದು ಜೋರಾಗಿ ತಲೆಯಾಡಿಸಿದೆ.

“ಅಲ್ಲ, ಅಪ್ಪ ತಿಂದಿದ್ದು” ಎಂದಳು ಲೋಂಜೆ. “ನನಗೆ ಬಾಲ ಕೊಟ್ಟು, ಹೇಳ್ಬೇಡ ಅಂದಿದ್ದ.”

ಕಚಿಂಗ್ವೆಯವರು ಬಿಪಿ ಪಟ್ಟಿಯನ್ನು ಹೊರಗೆ ತೆಗೆಯಲೇ ಇಲ್ಲ. ಚಿಕ್ಕಪ್ಪ ಮಾವಿನ ಮರದ ಕಡೆ ಮುಖ ಮಾಡಿ ನಿಂತರು. ಅತ್ತೆ ಇಡಿಸಿದ ಎಡೆಗೆ ಅಳಿಯ ಕೈ ಹಾಕಿದನೆಂದರೆ ನಮ್ಮಲ್ಲಿ ಊರ ಹಿರಿಯರು ಕೂತು ಮಾತಾಡುವ ವಿಷಯ. ಅಜ್ಜಿ ತನ್ನ ಬಟ್ಟೆಯ ಅಂಚು ಸರಿಮಾಡಿಕೊಂಡಳು.

“ಎಸ್ನಾಟ್, ಅಳಿಯನಿಗೆ ಕೇಳು. ಚಂಬೋ ಚೆನ್ನಾಗಿತ್ತಾ?”

“ಅಮ್ಮನಿಗೆ ಹೇಳು” ಎಂದರು ಚಿಕ್ಕಪ್ಪ ಮಾವಿನ ಮರಕ್ಕೆ. “ಉಪ್ಪು ಸರಿಯಾಗಿತ್ತು.”

ನಕ್ಕವರಲ್ಲಿ ಅಜ್ಜಿಯೂ ಇದ್ದಳು. ಕಣ್ಣಿನ ಗಾಡಿಯಲ್ಲೇ ಚಿಕ್ಕಪ್ಪನೂ ಜಿಲ್ಲೆಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿ ಬರಬೇಕೆಂದು ಕಚಿಂಗ್ವೆಯವರು ತೀರ್ಪು ಕೊಟ್ಟು ಹೊರಟರು. ಅವರು ಬೇಲಿ ದಾಟಿದ ಮೇಲೆ ಚಿಕ್ಕಪ್ಪ ಮರದಿಂದ ಈಚೆ ತಿರುಗಿದರು. ಮುಖದಲ್ಲಿ ನಗು ಇರಲಿಲ್ಲ.

“ಎಸ್ನಾಟ್, ಒಂದು ಮಾತು. ಅಣ್ಣನ ಊರಿಗೆ ಸಾವಿಗೆ ಹೋಗಿದ್ದೆನಲ್ಲ, ಆವತ್ತಿಂದು ನಾನು ತಿಂದಿಲ್ಲ. ಬೆಳಿಗ್ಗೆ ತಟ್ಟೆ ತುಂಬಿತ್ತು ತಾನೇ?”

ಚಿಕ್ಕಮ್ಮ ನನ್ನನ್ನು ನೋಡಿದರು. ಇಲ್ಲ ಎಂದು ತಲೆಯಾಡಿಸಿದೆ. ಕೈಯನ್ನು ಕವುಚಿ, ತಟ್ಟೆ ಹೇಗಿತ್ತು ಎಂದು ತೋರಿಸಿದೆ.

“ನಾಯಿ ಇರಬೇಕು” ಎಂದರು ಚಿಕ್ಕಮ್ಮ.

“ಆವತ್ತು ಬಾಗಿಲಿಗೆ ಅಗುಳಿ ಹಾಕಿದವಳು ನೀನೇ” ಎಂದಳು ಅಜ್ಜಿ. “ನಾಯಿ ತಟ್ಟೆ ತೊಳೆಯುತ್ತಾ?” ಗೋಡೆ ಹಿಡಿದು ಎದ್ದು ಬಾಗಿಲ ತನಕ ಬಂದು, ಹಿಂದಿನ ಮೂಲೆಯನ್ನು ಕೈಯಿಂದ ತಡವಿದಳು. ಮೊದಲು ಒನಕೆ ಸಿಕ್ಕಿತು, ಆಮೇಲೆ ನನ್ನ ತಲೆ. ಕೈಯನ್ನು ನನ್ನ ತಲೆಯ ಮೇಲೇ ಇಟ್ಟುಕೊಂಡು ನಿಂತಳು.

“ಈ ಕಣ್ಣಲ್ಲಿ ಮೊಮ್ಮಗಳು ನಿಂತ್ರೆ ಮಗಳು ಅಂದ್ಕೊಂಡೆ. ಮಗಳೇ ನಿಂತಿದ್ದಾಗ ಮೊಮ್ಮಗಳು ಅಂದ್ಕೊಂಡು ಸುಮ್ಮನೆ ಹೋಗಿದ್ರೆ? ಹೀಗಾದ್ರೆ ಆಗಲ್ಲ. ಎಸ್ನಾಟ್, ನನ್ನ ಬಟ್ಟೆ ಕಟ್ಟು. ಕಣ್ಣು ಸರಿ ಮಾಡಿಸ್ಕೊಂಡು ಬಂದು ನಾನೇ ನೋಡ್ತೀನಿ.”

ಗಾಡಿ ನಾಳೆ ಬೆಳಿಗ್ಗೆ ಬರುತ್ತದೆ. ನಾನು ಅಜ್ಜಿಯ ಜೊತೆ ಹೋಗುತ್ತೇನೆ. ಚಿಕ್ಕಪ್ಪನೂ ನಮ್ಮ ಜೊತೆಗೇ ಇರುತ್ತಾರೆ. ನರ್ಸ್ ಹೆಸರು ಕೇಳಿದರೆ ಹೇಳುತ್ತೇನೆ, ಹದಿನಾರು ಎಂದೂ ಹೇಳುತ್ತೇನೆ. ಹೊರಡುವ ಮೊದಲು ಒಂದು ತಟ್ಟೆಯಲ್ಲಿ ನ್ಸಿಮಾ ಮತ್ತು ಮೀನು ಬಡಿಸಿ, ಉಪ್ಪು ಹಾಕಿ, ಬಾಗಿಲ ಹಿಂದೆ ಇಟ್ಟು ಹೋಗುತ್ತೇನೆ.